ಬ್ಲೂಯಿಯ ಬಣ್ಣ ಮೇಲಕ್ಕೆ!

"ನೋಡ್ತಾ ಇರು ರೋಸ್ಲಿನ್, ಶನಿವಾರ ನಮ್ಮ ಯೂಟು ಎಂಥಾ ಠೀವಿಯಲ್ಲಿ ಹಾಲ್ ಮುಂದೆ ಹೋಗಿ ನಿಲ್ಲುತ್ತೆ ಅಂತ! ಇಡೀ ಊರು ಬಾಯಿ ಬಿಟ್ಕೊಂಡು ನೋಡ್ಬೇಕು!"

ಹೀಗೆಂದು ನಾನು ಹೆಂಡತಿಯ ಮುಂದೆ ಘೋಷಿಸಿದ್ದು ನಿಜ. ಇಡೀ ಊರು ಬಾಯಿ ಬಿಟ್ಟುಕೊಂಡು ನೋಡಿದ್ದೂ ನಿಜ. ನಡುವೆ ಆದದ್ದನ್ನು ಯಾರೂ ಕೇಳಬಾರದು. ಆದರೂ ನಾನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ರೋಸ್ಲಿನ್ ಹೇಳುತ್ತಾಳೆ, ಉಪ್ಪು ಖಾರ ಹಚ್ಚಿ!

ಯೂಟು ಎಂದರೆ ಮುಂದಿನಿಂದ ಕಾರು, ಹಿಂದಿನಿಂದ ಪುಟ್ಟ ಲಾರಿ. ನನ್ನದಕ್ಕೆ ಎಂಟು ಸಿಲಿಂಡರಿನ ಇಂಜಿನ್ನು. ಸ್ಟಾರ್ಟ್ ಮಾಡಿದರೆ ಪಕ್ಕದ ಬೀದಿಯ ಅಡುಗೆಮನೆಗಳಲ್ಲಿ ಲೋಟಗಳು ನಡುಗುತ್ತವೆ. ವಿಕ್ಟೋರಿಯಾದ ಈ ಗೋಧಿ ಸೀಮೆಯಲ್ಲಿ ಅದನ್ನು ಹಿಂದೆ ಹಾಕುವ ಗಂಡು ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಜಂಬ. ಹೆಣ್ಣಿನ ವಿಚಾರ ನನಗೆ ಹೊಳೆದಿರಲಿಲ್ಲ.

ಆ ಶನಿವಾರ ಮಗಳು ಟೆಗನ್‌ಳ ಡೆಬ್. ಹರೆಯದ ಹುಡುಗಿಯರು ಬಿಳಿ ಗೌನು ತೊಟ್ಟು, ಊರ ಹಾಲ್‌ನಲ್ಲಿ ಹಿರಿಯರಿಗೆ ಬಾಗಿ ವಂದಿಸಿ, ಜೋಡಿಯಾಗಿ ಕುಣಿಯುವ ಸಂಜೆ ಅದು. ರೋಸ್ಲಿನ್ ತನ್ನ ತಮ್ಮ ಗ್ರೇಮ್‌ನ ಫಳಫಳ ಹೊಳೆಯುವ ಬಿಳಿ ಕಾರನ್ನು ಮಾತಾಡಿಟ್ಟಿದ್ದಳು. ಟೆಗನ್ ಒಪ್ಪಲೇ ಇಲ್ಲ.

"ಮಾವನ ಕಾರು ಬೇಡ. ಅಪ್ಪನ ಯೂಟಲ್ಲೇ ಹೋಗೋದು, ಅಪ್ಪನೇ ಓಡಿಸ್ಬೇಕು."

ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವಂತಾಯಿತು! ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗಿತ್ತು. ಆದರೆ ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದೇ ಇಲ್ಲ. ಕೂತರೆ ಕಾಲು ಕುಣಿಯುತ್ತದೆ, ಮಲಗಿದರೆ ಕೈ ಸ್ಪ್ಯಾನರ್ ಹುಡುಕುತ್ತದೆ.

ಯೂಟಿನ ಹಿಂದಿನ ಚಕ್ರಗಳದ್ದು ಸ್ವತಂತ್ರ ಸಸ್ಪೆನ್ಷನ್. ಅಂದರೆ ಗುಂಡಿ ಬಂದಾಗ ಎಡಚಕ್ರದ ಅಭಿಪ್ರಾಯ ಒಂದು, ಬಲಚಕ್ರದ್ದು ಇನ್ನೊಂದು. ಜೋರಾಗಿ ಕಾಲೊತ್ತಿದರೆ ಹಿಂಭಾಗ ಸೊಂಟ ಕುಣಿಸುತ್ತದೆ. ಇಂಥ ಕುಣಿತದ ಗಾಡಿಯಲ್ಲಿ ಮಗಳನ್ನು ಕೂರಿಸುವುದೇ? ಅದೆಲ್ಲವನ್ನೂ ಕಿತ್ತು, ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಆಕ್ಸಲ್ ಹಾಕಿ, ನಡುವೆ ದೊಡ್ಡ ಡಿಫರೆನ್ಷಿಯಲ್ ಕೂರಿಸುವುದೆಂದು ತೀರ್ಮಾನಿಸಿದೆ. ಇಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಹಂಚುವ ಕಬ್ಬಿಣದ ಗಡಿಗೆ ಅದು. ನಮ್ಮ ಬಾಯಲ್ಲಿ ಡಿಫ್.

"ಯೂಟು ಓಡ್ತಾ ಇದೆಯಾ?" ಎಂದಳು ರೋಸ್ಲಿನ್.

"ಓಡ್ತಾ ಇದೆ."

"ಬ್ರೇಕ್ ಹಾಕಿದ್ರೆ ನಿಲ್ಲುತ್ತಾ?"

"ನಿಲ್ಲುತ್ತೆ."

"ಮತ್ತೆ ಯಾಕೋ ಬಿಚ್ತೀಯ?"

"ಡಿಫರೆನ್ಷಿಯಲ್ ಬದಲಾಯಿಸಿದ್ರೆ ಡಿಫರೆನ್ಸ್ ಗೊತ್ತಾಗುತ್ತೆ!"

"ಡೆಬ್ ಮುಗಿದ್ಮೇಲೆ ಬದಲಾಯಿಸ್ಕೋ. ಶನಿವಾರದೊಳಗೆ ಆಗ್ದೇ ಹೋದ್ರೆ ಆ ಹುಡುಗಿ ಮುಖ ನೋಡೋಕಾಗುತ್ತಾ?"

"ಆಗುತ್ತೆ ಬಿಡು!"

ಈ 'ಆಗುತ್ತೆ ಬಿಡು' ಎಂಬುದು ನಮ್ಮ ದೇಶದ ಗಂಡಸರ ನಿಜವಾದ ರಾಷ್ಟ್ರಗೀತೆ. ಹಾಡಿದಾಗಲೆಲ್ಲ ಹೆಂಡತಿಯರು ಎದ್ದು ನಿಲ್ಲುತ್ತಾರೆ, ಸೊಂಟದ ಮೇಲೆ ಕೈಯಿಟ್ಟುಕೊಂಡು!

ನನಗೆ ನೆರವಾದವನು ಗೆಳೆಯ ಬ್ಲೂಯಿ. ಅವನ ತಲೆ ಕೆಂಡದಷ್ಟು ಕೆಂಪು. ಆದ್ದರಿಂದಲೇ ಹೆಸರು ಬ್ಲೂಯಿ. ನಮ್ಮಲ್ಲಿ ಕೆಂಪುಗೂದಲಿನವರನ್ನೆಲ್ಲ ಹಾಗೇ ಕರೆಯುವುದು. ಯಾಕೆ ಎನ್ನಬೇಡಿ, ನಾವೂ ಕೇಳಿಲ್ಲ. ಗುಜರಿಯಿಂದ ಆಕ್ಸಲ್ಲನ್ನೂ ಡಿಫನ್ನೂ ತಂದವನು ಅವನೇ, ಅವನ್ನು ಹಿಡಿದಿಡುವ ಬ್ರಾಕೆಟ್ಟುಗಳನ್ನು ವೆಲ್ಡ್ ಮಾಡಿಕೊಟ್ಟವನೂ ಅವನೇ. ಅಷ್ಟರಲ್ಲಿ ಅವನಿಗೆ ಕುರಿಗಳ ಉಣ್ಣೆ ಕತ್ತರಿಸುವ ಕೆಲಸಕ್ಕೆ ಕರೆ ಬಂತು. ದೂರದ ಫಾರ್ಮು, ಅಲ್ಲಿ ಫೋನ್ ಸಿಗುವುದಿಲ್ಲ. ಹೊರಡುತ್ತ ಗಾಡಿಯ ಕಿಟಕಿಯಿಂದ ತಲೆ ಹೊರಹಾಕಿ ನನ್ನ ಹೆಸರು ಹಿಡಿದು ಕೂಗಿದ.

"ನೆವ್, ಡಿಫ್ ಕೂರಿಸೋದೊಂದೇ ಬಾಕಿ! ತಲೆಕೆಳಗಾದ್ರೂ ಕೂತ್ಕೊಳ್ಳುತ್ತೆ ಅದು, ಹುಷಾರು! ನನ್ನ ಬಣ್ಣದ ಗೀಟು ಮೇಲಕ್ಕೆ ಬರ್ಬೇಕು. ನನ್ನ ಬಣ್ಣ!"

ಧೂಳೆಬ್ಬಿಸಿಕೊಂಡು ಹೋದ. ನಾನು ಶೆಡ್ಡಿಗೆ ಬಂದು ನೋಡಿದೆ. ಡಿಫ್‌ನ ಒಂದು ಬದಿಯಲ್ಲಿ ಕೆಂಪು ಗೀಟು, ಎದುರು ಬದಿಯಲ್ಲಿ ನೀಲಿ ಗೀಟು! ಒಂದು ಬ್ಲೂಯಿ ಎಳೆದದ್ದು, ಇನ್ನೊಂದು ಗುಜರಿಯವನದು.

"ಅವನ ತಲೆ ಕೆಂಪು. ಕೆಂಪು ಮೇಲಕ್ಕೆ," ಎಂದಳು ಟಾರ್ಚ್ ಹಿಡಿದು ನಿಂತಿದ್ದ ರೋಸ್ಲಿನ್.

"ತಲೆ ಕೆಂಪಾದ್ರೇನು? ಹೆಸರು ಬ್ಲೂ! ಅವನನ್ನ ಯಾರಾದ್ರೂ 'ಏ ಕೆಂಪಾ' ಅಂತ ಕರೆದದ್ದು ಕೇಳಿದ್ದೀಯಾ?"

"ಹೆಸರು ನೀವಿಟ್ಟಿದ್ದು ಕಣೋ. ಕೂದಲು ಹುಟ್ಟಿದಾಗ್ಲಿಂದ ಅವನದು!"

"ನಿನಗೆ ಇದೆಲ್ಲ ಅರ್ಥ ಆಗಲ್ಲ. ಟಾರ್ಚ್ ನೆಟ್ಟಗೆ ಹಿಡಿ."

ನೀಲಿಯನ್ನೇ ಮೇಲಕ್ಕಿಟ್ಟೆ. ಕೂತಿತು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ! ಬೋಲ್ಟುಗಳನ್ನೆಲ್ಲ ಬಿಗಿದು, ಎಣ್ಣೆ ತುಂಬಿ, ಚಕ್ರ ತೊಡಿಸಿ ಮುಗಿಸುವಷ್ಟರಲ್ಲಿ ಶನಿವಾರದ ಬಿಸಿಲು ಇಳಿಯುತ್ತಿತ್ತು. ಮನೆಯೊಳಗೆ ಟೆಗನ್‌ಳ ಜಡೆ ಹೆಣೆಯುತ್ತಿದ್ದರು. ನಾನು ಸ್ನಾನ ಮಾಡಿ, ಸೂಟು ತೊಟ್ಟು, ಚಕ್ರವರ್ತಿಯಂತೆ ಯೂಟೇರಿದೆ. ಯೂಟಿನ ಮುಖ ಅಂಗಳದ ಕಡೆಗಿತ್ತು. ಒಂದನೇ ಗೇರ್ ಹಾಕಿ, ಗತ್ತಿನಿಂದ ಕಾಲೊತ್ತಿದೆ.

ಅಂಗಳ ನನ್ನಿಂದ ದೂರ ಓಡತೊಡಗಿತು!

ಢಮಾರ್! ಯೂಟು ಹಿಮ್ಮುಖವಾಗಿ ಹಾರಿ, ಶೆಡ್ಡಿನ ಹಿಂದಿನ ತಗಡಿನ ಗೋಡೆ ಸೀಳಿಕೊಂಡು ಆಚೆ ಹೋಗಿ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಬರೀ ಬಿಳುಪು! ಅಯ್ಯೋ, ಗೌನು! ಇಳಿದು ನೋಡಿದರೆ ಕೋಳಿಗಳು. ಶೆಡ್ಡಿನ ಹಿಂದಿದ್ದ ಗೂಡು ಮುರಿದ ಸಿಟ್ಟಿಗೆ ರೋಸ್ಲಿನ್‌ಳ ಬಿಳಿ ಕೋಳಿಗಳೆಲ್ಲ ಯೂಟಿನ ಹಿಂದಿನ ಸಾಮಾನಿನ ಟ್ರೇ ಹತ್ತಿ ನನ್ನನ್ನು ಬೈಯುತ್ತಿದ್ದವು. ಪುಣ್ಯಕ್ಕೆ ಒಂದಕ್ಕೂ ಗಾಯವಾಗಿರಲಿಲ್ಲ.

ಎರಡನೇ ಗೇರ್ ಹಾಕಿದೆ, ಹಿಂದಕ್ಕೆ. ಮೂರನೆಯದು, ಹಿಂದಕ್ಕೆ. ಕೊನೆಗೆ ಕಣ್ಣು ಮುಚ್ಚಿ ರಿವರ್ಸ್ ಹಾಕಿದೆ. ಯೂಟು ಸಂಕೋಚದಿಂದ ಮುಂದೆ ಬಂತು. ಡಿಫ್ ತಲೆಕೆಳಗಾಗಿ ಕೂತು ಚಕ್ರಗಳು ಉಲ್ಟಾ ತಿರುಗುತ್ತಿದ್ದವು.

ರೋಸ್ಲಿನ್ ಓಡಿ ಬಂದಳು. "ನಾವಿರೋದು ಗ್ಲೋಬಿನ ತಳದಲ್ಲಿ ಅಂತ ಇದನ್ನೂ ತಲೆಕೆಳಗೆ ಹಾಕಿದ್ಯಾ?"

"ಬಿಚ್ಚಿ ತಿರುಗಿಸ್ತೀನಿ. ಆಗುತ್ತೆ ಬಿ..."

"ಆ ಮಾತಾಡಿದ್ರೆ ನಿನ್ನನ್ನೇ ತಿರುಗಿಸ್ತೀನಿ! ಡೆಬ್ ಶುರುವಾಗೋ ಹೊತ್ತಾಯ್ತು. ಗ್ರೇಮ್‌ಗೆ ಫೋನ್ ಮಾಡ್ತೀನಿ."

ಮಗಳು ನನ್ನಲ್ಲಿ ಕೇಳಿದ್ದು ಇದೊಂದೇ. ಅದನ್ನೂ ಗ್ರೇಮ್‌ನ ಕೈಗೆ ಕೊಡಬೇಕೇ! ನಿಜವಾಗಿ ಅಳು ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಟೆಗನ್ ಕಾಣಿಸಿಕೊಂಡಳು. ಬಿಳಿ ಗೌನು, ಕೈಗವಸು, ಮುಡಿಯಲ್ಲಿ ಹೂವು. ತೂತು ಬಿದ್ದ ಶೆಡ್ಡು ನೋಡಿದಳು, ಕೋಳಿ ನೋಡಿದಳು, ನನ್ನನ್ನು ನೋಡಿದಳು.

"ರಿವರ್ಸ್ ಹಾಕಿದ್ರೆ ಮುಂದೆ ಹೋಗುತ್ತಲ್ಲಪ್ಪಾ?"

"ಹೋಗುತ್ತೆ ಪುಟ್ಟಿ, ಆದ್ರೆ..."

"ಮತ್ತೇನು? ನಡಿ. ಕೋಳಿಗಳನ್ನ ಇಳಿಸು."

ಹೊರಟೆವು. ಗೌನು ತುಂಬಿ ಯೂಟಿನಲ್ಲಿ ರೋಸ್ಲಿನ್‌ಗೆ ಜಾಗವಿಲ್ಲ. ಅವಳು ಎಲ್ಲರಿಗೆಂದು ಮಾಡಿದ್ದ ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಹಿಡಿದು ಪಕ್ಕದಲ್ಲಿ ನಡೆಯುತ್ತ ಬಂದಳು. ಸ್ವಲ್ಪ ಜೋರಾಗಿ ಕಾಲೊತ್ತಿದರೆ ಗೇರ್‌ಬಾಕ್ಸು ಹೋ ಎಂದು ಕಿರುಚುತ್ತಿತ್ತು, ಹಾಗಾಗಿ ಆಮೆ ನಡಿಗೆ. ಮೂಲೆಯ ಅಂಗಡಿಯ ಹತ್ತಿರ ರೋಸ್ಲಿನ್ ನಮ್ಮನ್ನು ಹಿಂದೆ ಹಾಕಿದಳು. ತಿರುಗಿಯೂ ನೋಡಲಿಲ್ಲ!

ನಾನು ಸೀಟಿನಲ್ಲಿ ಚಡಪಡಿಸುತ್ತಿದ್ದೆ. ಟೆಗನ್ ಮಾತ್ರ ಆರಾಮಾಗಿ ಮಾತಾಡುತ್ತಿದ್ದಳು: ಜೋಡಿಯ ಹುಡುಗ ಕಾಲು ತುಳಿಯುತ್ತಾನೆ, ಬಾಗುವಾಗ ಬಿದ್ದುಬಿಡುತ್ತೇನೋ ಎಂದು ಭಯ, ಮುಂದೆ ನರ್ಸಿಂಗ್ ಓದಬೇಕೆಂದಿದ್ದೇನೆ... ನನಗೆ ಒಂದೂ ಗೊತ್ತಿರಲಿಲ್ಲ. ನಿಧಾನಕ್ಕೆ ನನ್ನ ಕಾಲು ಕುಣಿಯುವುದನ್ನು ಮರೆಯಿತು.

ಹಾಲ್ ಬಂತು. ರಿವರ್ಸ್ ಗೇರಾದ್ದರಿಂದ ಹಿಂದೆ ಬಿಳಿ ದೀಪ, ಪೀಂ ಪೀಂ ಎಂಬ ಎಚ್ಚರಿಕೆ. "ಹಿಂದೆ ಬರ್ತಾನೆ, ಸರೀರಿ!" ಎಂದು ಯಾರೋ ಕೂಗಿದರು. ಹಿಂದಿದ್ದವರೆಲ್ಲ ಜೀವ ಉಳಿಸಿಕೊಳ್ಳಲು ಓಡಿ ಯೂಟಿನ ಮುಂದೆ ಬಂದು ನಿಂತರು. ನಾನು ಮುಂದಕ್ಕೇ ಹೋದೆ! ಅಜ್ಜಿಯರು ಚೆಲ್ಲಾಪಿಲ್ಲಿ! ಇಡೀ ಊರು ಬಾಯಿ ಬಿಟ್ಟುಕೊಂಡಿತು. ಆಮೇಲೆ ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಸೇರಿದರು. ಟೆಗನ್ ರಾಣಿಯಂತೆ ಕೈ ಬೀಸುತ್ತ ಇಳಿದಳು.

ಮೆಟ್ಟಿಲ ಮೇಲೆ ರೋಸ್ಲಿನ್ ನಿಂತಿದ್ದಳು. "ಬಂದ್ರಾ? ನಾನು ಟೀ ಕುಡಿದು ಕಪ್ಪೂ ತೊಳೆದಿಟ್ಟೆ."

ವಾರ ಕಳೆದು ಬ್ಲೂಯಿ ಬಂದ. ಯೂಟಿನ ಕೆಳಗೆ ಇಣುಕಿ, ಎದ್ದು ನಿಂತು ಟೋಪಿ ತೆಗೆದ. ಕೆಂಪು ತಲೆ ಸೂರ್ಯನಂತೆ ಹೊಳೆಯಿತು.

"ನನ್ನ ಬಣ್ಣ ಅಂದ್ರೆ ಇದು ಮಾರಾಯಾ, ಇದು! ದಿನಾ ನೋಡ್ತೀಯಲ್ಲೋ!"

"ಆಯ್ತು, ಈಗ್ಲೇ ತಿರುಗಿಸೋಣ," ಎಂದು ಸ್ಪ್ಯಾನರಿಗೆ ಕೈ ಚಾಚಿದೆ. ಸಿಗಲಿಲ್ಲ. ಟೆಗನ್ ಅದನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಳು.

"ಇರ್ಲಿ ಬಿಡಪ್ಪಾ, ಒಂದೆರಡು ದಿನ. ಬಾ, ಅಂಗಡಿಗೆ ಹೋಗಿ ಹಾಲು ತರೋಣ. ನಿನ್ನ ಹತ್ರ ಮಾತಾಡೋದಿದೆ."

ಸುಮ್ಮನೆ ಯೂಟು ಹತ್ತಿ ಕೂತೆ. ಅಡುಗೆಮನೆಯ ಕಿಟಕಿಯಿಂದ ರೋಸ್ಲಿನ್‌ಳ ದನಿ ಬಂತು.

"ಹೋಗ್ಬನ್ನಿ, ಹೋಗ್ಬನ್ನಿ. ಇವತ್ತಿನ ಟೀಗೆ ಹಾಲು ನಾನೇ ನಡ್ಕೊಂಡು ಹೋಗಿ ತರ್ತೀನಿ. ನಿಮ್ಮದು ನಾಳೆಗಾಯ್ತು!"