ಫ್ರಾನ್ಸಿನ ಚನ್ನಬಸವ

ನಮ್ಮ ಸೋದರತ್ತೆ ಫ್ರಾನ್ಸಿನ ರಾಜಮನೆತನಕ್ಕೆ ಹತ್ತಿರದ ಸಂಬಂಧಿ ಅಂದರೆ ನೀವು ನಗುತ್ತೀರಿ. ನಗಿ! ಗುಬ್ಬಿಯಲ್ಲಿ ಅವರ ಬೀದಿಯವರು ಮಾತ್ರ ನಗುವುದಿಲ್ಲ. ಅತ್ತೆಯ ಬಾಯಿಗೆ ಬೀಳುವ ಧೈರ್ಯ ಯಾರಿಗಿದೆ?

ಸಂಬಂಧ ಕೂಡಿಬಂದದ್ದು ಒಂದು ಕ್ಯಾಲೆಂಡರಿನಿಂದ. ತೊಂಬತ್ತರ ದಶಕದ ಶುರು. ಮಾವನ ಮೆಡಿಕಲ್ ಸ್ಟೋರಿಗೆ ಔಷಧಿ ಕಂಪನಿಯವರು ಕೊಟ್ಟದ್ದು, ತಿಂಗಳಿಗೊಂದು ವಿದೇಶಿ ಚಿತ್ರ. ಡಿಸೆಂಬರ್ ಹಾಳೆಯಲ್ಲಿ ಇಬ್ಬರು ಮಕ್ಕಳು: ರೇಷ್ಮೆ ಗೌನಿನ ಹುಡುಗಿ, ಮೇಕೆಯ ಮೇಲೆ ಕೂತ ಪುಟ್ಟ ತಮ್ಮ. ಹದಿನೆಂಟನೇ ಶತಮಾನದ ಫ್ರೆಂಚ್ ತೈಲಚಿತ್ರ, ರಾಜನ ಮೊಮ್ಮಕ್ಕಳು ಅಂತ ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ವರ್ಷ ಮುಗಿದದ್ದೇ ತಡ, ಅತ್ತೆ ಆ ಹಾಳೆ ಕತ್ತರಿಸಿ, ಕಾಲೇಜು ಓದುತ್ತಿದ್ದ ನನ್ನನ್ನೂ ಎಳೆದುಕೊಂಡು ಕಟ್ಟು ಹಾಕಿಸಲು ತುಮಕೂರಿನ ಬಸ್ ಹತ್ತಿದರು.

ನಮ್ಮ ಕಡೆ ಕಟ್ಟು ಹಾಕಿಸುವುದು ದೇವರಿಗೆ, ಇಲ್ಲವೇ ತೀರಿಕೊಂಡವರಿಗೆ. ಅಂಗಡಿಯ ಸಾಹೇಬರು ಚಿತ್ರ ನೋಡಿ, ಇವರಂತೂ ದೇವರಲ್ಲ ಅಂತ ತೀರ್ಮಾನಿಸಿ, ಗಂಧದ ಹಾರ ಹಾಕಿ, ಮೇಲೊಂದು ಕೆಂಪು ಬಲ್ಬ್ ಸಿಕ್ಕಿಸಿ ಕೊಟ್ಟರು.

"ಪಾಪ, ಇಬ್ರೂ ಒಟ್ಟಿಗೇ ಹೋದ್ರಾ ಅಕ್ಕಾ?"

ಅತ್ತೆ ಕೂಗಿದ್ದಕ್ಕೆ ಪಕ್ಕದ ಹೋಟೆಲಿನವರೂ ಹೊರಗೆ ಬಂದರು. "ಬಾಳಿ ಬದುಕೋ ಮಕ್ಳಿಗೆ ಹಾರ ಹಾಕ್ತೀರಲ್ಲ, ನಿಮ್ಗೇನ್ ಬಂದಿರೋದು!"

"ಅತ್ತೆ, ಇವರು ಸತ್ತು ಇನ್ನೂರು ವರ್ಷ ಆಗಿರತ್ತೆ," ಅಂದೆ.

"ನೀನ್ ನೋಡಿದ್ಯೇನ್ಲಾ?"

ನಾನು ನೋಡಿರಲಿಲ್ಲ. ಹಾರ ಬಿಚ್ಚಿಸಿದರು. ಬಲ್ಬ್ ಮಾತ್ರ ಇರಲಿ ಅಂದರು. ಅರಮನೆಯ ಮಕ್ಕಳು ಕತ್ತಲಲ್ಲಿ ಹೆದರಬಾರದಲ್ಲ!

ಇನ್ನು ನಾಮಕರಣ. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಆದರೆ ಅತ್ತೆಗೆ ಮಕ್ಕಳಾಗಲಿಲ್ಲ. ಅದಕ್ಕೇ ನಮ್ಮ ನಾಮಕರಣಗಳಲ್ಲೆಲ್ಲ ಹಿರಿಯರು ಅವರನ್ನು ತೊಟ್ಟಿಲ ಹತ್ತಿರ ಬಿಡದೆ ಅಡುಗೆಮನೆಗೆ ಅಟ್ಟಿದರು. ಆ ಬಾಕಿ ಹಕ್ಕನ್ನೆಲ್ಲ ಅತ್ತೆ ಫ್ರಾನ್ಸಿನವರ ಮೇಲೆ ಚಲಾಯಿಸಿದರು. ಹುಡುಗಿ ಗಂಗಮ್ಮ, ಹುಡುಗ ಚನ್ನಬಸವ.

"ಫ್ರಾಕ್ ಹಾಕ್ಕೊಂಡಿರೋದು ಚನ್ನಬಸವನಾ?" ಅಂತ ನಕ್ಕೆ.

"ಮುಡಿ ತೆಗೆಸೋಕ್ ಮುಂಚೆ ನಿಂಗೂ ಲಂಗ ಹಾಕಿ, ಮೊಗ್ಗಿನ ಜಡೆ ಹೆಣೆದು ಫೋಟೋ ತೆಗೆಸಿಲ್ವೇನೋ? ತೋರಿಸ್ಲಾ?"

ಬೇಡ ಅಂದೆ. ಆ ಕ್ಷಣದಿಂದ ಚನ್ನಬಸವನ ಗಂಡಸುತನವನ್ನು ನಾನು ಪ್ರಶ್ನಿಸಿಲ್ಲ.

ಒಮ್ಮೆ ಕಡಬದಿಂದ ಬಂದ ನೆಂಟರೊಬ್ಬರು "ಎಷ್ಟ್ ಕೆಂಪಗವ್ರೆ ಮಕ್ಳು!" ಅಂದುಬಿಟ್ಟರು. ಅವರು ಬೀದಿ ತಿರುಗುವಷ್ಟರಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಆಯಿತು, ಗಾಜಿನ ಮೇಲೆ ಕಾಡಿಗೆಯ ದೃಷ್ಟಿಬೊಟ್ಟೂ ಬಿತ್ತು. ಗಾಜು ಒರೆಸಿದಾಗಲೆಲ್ಲ ಹೊಸ ಬೊಟ್ಟು. ಕನ್ನಡಕ ಮರೆತ ದಿನ ಅದು ಮೇಕೆಯ ಮೂತಿಗೆ ಬೀಳುತ್ತಿತ್ತು. ಪರವಾಗಿಲ್ಲ, ಮೇಕೆಯೂ ಲಕ್ಷಣವಾಗಿಯೇ ಇತ್ತು.

ಮಾವ ಬೇರೆ ಬೆಂಕಿಗೆ ತುಪ್ಪ ಸುರಿಯುತ್ತಿದ್ದರು. "ಲೇ, ಕೆನ್ನೆ ಯಾಕೋ ಜಾಸ್ತಿ ಕೆಂಪಾಗಿದೆ. ಜ್ವರ ಇರ್ಬೇಕು, ಸಿರಪ್ ತರ್ಲಾ?"

"ನಿಮ್ ಅಂಗ್ಡಿ ಸಿರಪ್ ಕುಡ್ಸಿ ನನ್ ಮಕ್ಳನ್ನ ಸಾಯಿಸ್ಬೇಕಾ? ಬುಡಿ!"

ಹೀಗೇ ವರ್ಷಗಳು ಹೋದವು. ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು. ನನಗೆ ಅಕ್ಕತಂಗಿಯರಿಲ್ಲ. ತುಮಕೂರಿನ ನಮ್ಮ ಮನೆಯಲ್ಲಿ ನಾಮಕರಣದ ಹೊತ್ತಿಗೆ ಹಿರಿಯರೊಬ್ಬರು, "ಹೆಸರು ಹೇಳೋಕೆ ಯಾರಾದ್ರೂ ಮಕ್ಕಳೊಂದಿಗರನ್ನ ಕರೀರಪ್ಪ," ಅಂದರು. ಅಭ್ಯಾಸಬಲದಿಂದ ಅತ್ತೆ ಆಗಲೇ ಅಡುಗೆಮನೆಯ ಕಡೆ ಹೊರಟಿದ್ದರು.

ನನ್ನ ಹೆಂಡತಿ ಹೋಗಿ ಅವರ ಕೈ ಹಿಡಿದು ತಂದು ಕೂರಿಸಿ, ಮಗುವನ್ನು ಮಡಿಲಿಗೆ ಹಾಕಿದಳು. "ಇವ್ರೇ ಹೇಳ್ಬೇಕು."

ಅಂಗಡಿ ಬೀದಿಯನ್ನೇ ನಡುಗಿಸಿದ ಅತ್ತೆಯ ದನಿ ಕೇಳಿಸದಷ್ಟು ಸಣ್ಣದಾಗಿತ್ತು. "ಬ್ಯಾಡ ಕಣವ್ವ... ನಾನ್ ಹೇಳಿ ಮಗೀಗೇನಾರ ಆದ್ರೆ?"

ಯಾರು ಏನೆಂದರೂ ಸೊಪ್ಪು ಹಾಕದ ಅತ್ತೆ ಹಿರಿಯರ ಈ ಒಂದು ಮಾತನ್ನು ಮಾತ್ರ ಇಷ್ಟು ವರ್ಷ ನಂಬಿಕೊಂಡೇ ಬಂದಿದ್ದರು!

"ನೀವ್ ಹೇಳ್ಲಿಲ್ಲಾಂದ್ರೆ ಇವ್ಳಿಗೆ ಹೆಸರೇ ಬೇಡ ಬಿಡಿ," ಅಂದಳು ನನ್ನ ಹೆಂಡತಿ.

ಅತ್ತೆ ಕಣ್ಣೊರೆಸಿಕೊಂಡು ಬಗ್ಗಿ ಮಗುವಿನ ಕಿವಿಗೆ ಬಾಯಿಟ್ಟರು. ಮೂರು ಸಲ ಹೇಳಿದರೆ ಸಾಕಿತ್ತು. ಅವರು ಹೇಳುತ್ತಲೇ ಇದ್ದರು. ಸಾಕು ಅಂತ ನಮ್ಮಲ್ಲಿ ಯಾರೂ ಅನ್ನಲಿಲ್ಲ.