ಗೋಡೆಯಾಚೆಯ ಮನೆಗೆ ಹೋಗುವ ದಾರಿ

ಮನೆ ಕಟ್ಟುವವನಿಗೆ ಕೈಯಲ್ಲಿ ಕಸುಬು ಬೇಕು, ಅದರಲ್ಲಿ ಇರುವವನಿಗೆ ಮಾತಾಡಲು ಜನ ಬೇಕು. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟ ಗೌಂಡಿ ನಾನು. ಮೊದಲನೆಯದು ಬೇಗ ಕಲಿತೆ, ಎರಡನೆಯದು ತಡವಾಗಿ ತಿಳಿಯಿತು.

ಗೋಕಾಕದ ಹಳೆಯ ಓಣಿಗಳು ಹಾವು ಹರಿದ ಹಾಗಿದ್ದರೂ ಒಂದಕ್ಕೊಂದು ಕೂಡುತ್ತಿದ್ದವು. ಉಪ್ಪು ತರಲು ಹೋದವನು ಊರ ಸುದ್ದಿಯೆಲ್ಲ ಹೊತ್ತು, ಉಪ್ಪು ಮರೆತು ಬರುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ನನಗೆ ಅಲ್ಲಿಯ ಮನೆ ಬೇಡವಾಯಿತು. ಊರು ಜೋಳದ ಹೊಲಗಳ ಕಡೆ ಬೆಳೆಯುತ್ತಿತ್ತು. ಎರಡು ಚಕ್ಕಡಿ ಎದುರುಬದುರು ದಾಟುವಷ್ಟು ಅಗಲದ, ದಾರ ಹಿಡಿದು ಎಳೆದಂಥ ರಸ್ತೆಗಳು. ಅಲ್ಲಿಯ ಮನೆಗಳಲ್ಲಿ ಅರ್ಧದಷ್ಟನ್ನು ಕಟ್ಟಿದವನು ನಾನೇ. ನನಗೂ ಒಂದು ಕಟ್ಟಿಕೊಂಡು, ಹಿತ್ತಲಿಗೆ ಆಳೆತ್ತರದ ಗೋಡೆ ಹಾಕಿದೆ. ತೂಗುಗುಂಡು ಬಿಟ್ಟು ನೋಡಿ, ಕೂದಲೆಳೆಯಷ್ಟೂ ವಾಲಿಲ್ಲ.

ರಸ್ತೆ ನೆಟ್ಟಗಿದ್ದದ್ದು ಖರೆ, ಆದರೆ ಎಲ್ಲಿಗೂ ಹೋಗುತ್ತಿರಲಿಲ್ಲ. ನಮ್ಮದು ಒಂದು ಬೇಲಿಗೆ ಹೋಗಿ ಮುಗಿಯುತ್ತಿತ್ತು. ಗೋಡೆಯಾಚೆ ಬೆಲ್ಲದ ವ್ಯಾಪಾರಿ ಪಾಯಪ್ಪಣ್ಣ. ಮನೆಮಂದಿ ಮೂಡಲಗಿಯಲ್ಲಿ, ಇಲ್ಲಿ ಅವರೊಬ್ಬರೇ. ಅವರು ಕೆಮ್ಮಿದರೆ ನನಗೆ ಕೇಳುತ್ತದೆ. ಆದರೆ ಅವರ ಬಾಗಿಲಿಗೆ ಹೋಗಬೇಕಾದರೆ ದೊಡ್ಡ ರಸ್ತೆಯ ತನಕ ನಡೆದು, ಅವರ ರಸ್ತೆಗೆ ಹೊರಳಿ, ಅಷ್ಟೇ ದೂರ ಮತ್ತೆ ನಡೆಯಬೇಕು. ಗೋಡೆಯ ಮೇಲಿಂದ ಕೂಗಲು ನಾನೇನು ಹೊಲ ಕಾಯುವವನೇ? ಒಂದು ಸಂಜೆ ರುಮಾಲು ಸುತ್ತಿಕೊಂಡು ಮರ್ಯಾದೆಯಿಂದ ಹೊರಟೆ. ಅವರ ಬಾಗಿಲಿಗೆ ಬೀಗ! ಮರಳಿ ಬಂದರೆ ಗೋಡೆಯಾಚೆಯಿಂದ ದನಿ:

“ಗೌಂಡ್ಯಾರ, ಎಲ್ಲಿ ಹೋಗಿದ್ರಿ? ನಿಮ್ಮ ಬಾಗಲಾ ಬಡದು ಬಡದು ಬಂದ್ನಲ್ರಿ!”

ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಾನು ದೊಡ್ಡ ರಸ್ತೆಯಲ್ಲಿ ಎಲೆ ಅಡಿಕೆ ಕೊಳ್ಳುತ್ತ ನಿಂತಾಗ ಅವರು ನನ್ನ ಬೆನ್ನ ಹಿಂದೆ ದಾಟಿ ಹೋಗಿದ್ದರು.

ಮರುದಿನ ಮನೆಯಲ್ಲೇ ಸಿಕ್ಕರು. ಆದರೆ ಅವರು ಜೈನರು, ಹೊತ್ತು ಮುಳುಗಿದ ಮೇಲೆ ಚಹಾ ಕೂಡ ಮುಟ್ಟುವುದಿಲ್ಲ. ನಾನು ಕೆಲಸ ಮುಗಿಸಿ, ಸುತ್ತಿ ಹೋಗುವಷ್ಟರಲ್ಲಿ ಒಲೆ ಆರಿತ್ತು.

“ನೀವು ಊರ ಸುತ್ತಿ ಬರೂತನಾ ಸೂರ್ಯಾ ನಿಲ್ಲಬೇಕಲ್ರಿ,” ಎಂದು ನಕ್ಕರು. “ಆ ಗ್ವಾಡ್ಯಾಗ ಒಂದ ಬಾಗಲಾ ಬಿಡಾಕ ಏನಾಗಿತ್ತು?”

“ನನ್ನ ಗ್ವಾಡಿ ನಾನ ಒಡೀಲೇನ್ರಿ?”

“ಹಂಗಾರ ಗ್ವಾಡೀ ಜೋಡೀನ ಮಾತಾಡ್ರಿ.”

ಕೆಲವು ದಿನ ಅದನ್ನೂ ಮಾಡಿ ನೋಡಿದೆ. ಗೋಡೆ ಬಹಳ ನೆಟ್ಟಗಿತ್ತು, ಮಾತಾಡಲಿಲ್ಲ. ಕೊನೆಗೊಂದು ಸಂಜೆ ಉಳಿ, ಸುತ್ತಿಗೆ ಹಿಡಿದು ಕುಳಿತೆ. ಸದ್ದು ಕೇಳಿ ಪಾಯಪ್ಪಣ್ಣ ಆಚೆ ಮಣೆ ಹಾಕಿಕೊಂಡು ಕುಳಿತರು.

“ಒಡೀತೇನ್ರಿ?”

“ಅಷ್ಟ ಲಗೂ ಒಡ್ಯಾಕ, ಇದನ್ನ ನಿಮ್ಮ ಮೂಡಲಗಿ ಮಂದಿ ಕಟ್ಟ್ಯಾರೇನ್ರಿ?”

ಅವರು ಮಗಳ ಬಗ್ಗೆ ಹೇಳಿದರು. ನಾನು ಹೆಂಡತಿಯ ಬಗ್ಗೆ, ಯಾರಿಗೂ ಹೇಳದ್ದನ್ನು ಹೇಳಿದೆ. ಸೂರ್ಯ ಇನ್ನೂ ಇರುವಾಗಲೇ ಗೋಡೆಯ ಮೇಲಿಂದ ಒಂದು ಕೈ, ಕೈಯಲ್ಲಿ ಚಹಾ ಬಂತು.

ಅಂದಿನಿಂದ ದಿನಾಲೂ ಸಂಜೆ ಒಡೆಯುತ್ತಿದ್ದೇನೆ. ಇಲ್ಲಿಯವರೆಗೆ ಬಿದ್ದದ್ದು ಅಂಗೈಯಷ್ಟು ಗಾರೆ. ಬಾಗಿಲಾದ ಮೇಲೆ ಅವರು ಬರಬಹುದು, ಬಾರದೆಯೂ ಇರಬಹುದು. ಒಡೆಯುವ ತನಕವಂತೂ ಆಚೆ ಕೂತಿರುತ್ತಾರೆ. ನನ್ನ ಕೈಕೆಳಗಿನ ಆಳು ಯಾರಾದರೂ ಹೀಗೆ ಕೆಲಸ ಎಳೆದಿದ್ದರೆ, ಮಧ್ಯಾಹ್ನದೊಳಗೆ ಸುತ್ತಿಗೆ ಕಸಿದುಕೊಂಡು ಮನೆಗೆ ಅಟ್ಟುತ್ತಿದ್ದೆ.