ಕೌದಿಯ ಹೊಟ್ಟೆಗೆ ಒಂದು ರುಮಾಲು

ಬಟ್ಟೆ ಹಳೆಯದಾಗುವವರೆಗೆ ಕಾಯುವ ತಾಳ್ಮೆ ಕಾಶಿಬಾಯಿಗೆ ಇಲ್ಲ ಎಂಬುದೇ ಶಿವಯೋಗೆಪ್ಪನ ದೊಡ್ಡ ದೂರು. ವಿಜಾಪುರದ ಜೋರಾಪುರ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದ ಈ ಮನುಷ್ಯ ಧೋತರ ಒಗೆಯಲು ಹಾಕುವ ಮೊದಲು ಹೆಂಡತಿಯ ಮುಖ ನೋಡುತ್ತಿದ್ದ. ಅಂಚಿನಲ್ಲಿ ಒಂದು ಎಳೆ ಬಿಟ್ಟಿದ್ದರೂ ಸಾಕು, ಸಂಜೆಯೊಳಗೆ ಅದು ಚೌಕ ಚೌಕ ತುಂಡಾಗಿ ಅವಳು ಹೊಲಿಯುವ ಕೌದಿಯ ಹೊದಿಕೆ ಸೇರಿರುತ್ತಿತ್ತು. (ಅಂಗಡಿಯ ಪರದೆ ಹೋದದ್ದೂ ಹೀಗೆಯೇ. ಅದು ಗಾಳಿಗೆ ಹಾರಿಹೋಯಿತೆಂದು ಕಾಶಿಬಾಯಿ ಕೊನೆಯವರೆಗೂ ಸಾಧಿಸಿದಳು.)

ಆ ಕಾಲವೇ ಹಾಗಿತ್ತು. ಮಧ್ಯಾಹ್ನದ ಊಟವಾದ ಮೇಲೆ ನೆರೆಮನೆಯ ಗುರುಬಸವ್ವ, ಬೋರವ್ವ ಸೂಜಿದಾರ ಹಿಡಿದು ಬಂದರೆ ಪಡಸಾಲೆಯ ತುಂಬ ಕೌದಿ ಹರಡಿಕೊಳ್ಳುತ್ತಿತ್ತು. ಸುತ್ತಲೂ ಕುಳಿತು ಅಂಚಿನಿಂದ ನಡುವಿನತ್ತ ಹೊಲಿಯುತ್ತ ಹೋಗುವುದು. ಇದು ಯಾರ ಮದುವೆಯ ಸೀರೆ, ಇದು ಯಾವ ಕೂಸಿನ ಕುಂಚಿಗೆ ಎಂದು ತುಂಡು ತುಂಡಿಗೂ ಕಥೆ. ಅಷ್ಟು ನಗು ಆ ಮನೆಯಲ್ಲಿ ಆಮೇಲೆ ಕೇಳಲಿಲ್ಲ. ಕೊನೆಗೆ ಒಂದಿಷ್ಟು ಜಾಗ ಬಿಟ್ಟು, ಒಳಗೆ ಹೋಳಿಗೆಯ ತುಣುಕು ಇಟ್ಟು ಮುಚ್ಚುತ್ತಿದ್ದರು. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ಕೌದಿ ಹಸಿದಿದ್ದರೆ ಹೊದ್ದವರ ಮನೆಗೂ ಒಳ್ಳೆಯದಲ್ಲವಂತೆ. ಮನೆಯ ಬಟ್ಟೆಯನ್ನೆಲ್ಲ ತಿಂದದ್ದಕ್ಕೆ ಮತ್ತೆ ಹೋಳಿಗೆ ಏಕೆ ಎಂದು ಶಿವಯೋಗೆಪ್ಪ ಪ್ರತಿಸಲವೂ ನಗುತ್ತಿದ್ದ.

ಅವನಿಗೆ ಉಳಿದಿದ್ದ ಮಾನದ ಬಟ್ಟೆ ಎರಡೇ: ಒಂದು ಕರಿ ಕೋಟು, ಇನ್ನೊಂದು ಅಪ್ಪನಿಂದ ಬಂದ ಜರಿಯಂಚಿನ ಕೆಂಪು ರೇಷ್ಮೆಯ ರುಮಾಲು. ಬಾಣಂತನಕ್ಕೆ ಬಂದಿದ್ದ ಹಿರಿಯ ಮಗಳು ರೇಣವ್ವನನ್ನು ಕೂಸಿನೊಂದಿಗೆ ತಿಕೋಟಾದ ಗಂಡನ ಮನೆಗೆ ಮುಟ್ಟಿಸುವ ದಿನ ಹತ್ತಿರ ಬಂದಿತ್ತು. ಅಲ್ಲಿ ಬೀಗ ಬಸಗೊಂಡಪ್ಪನ ತಲೆಯ ಮೇಲೆ ಯಾವಾಗಲೂ ಬುಟ್ಟಿಯಷ್ಟು ದೊಡ್ಡ ಪಟಗಾ. ಅವನೆದುರು ಅಪ್ಪನ ರುಮಾಲು ತಲೆಗೆ ಸುತ್ತಿಕೊಂಡು ಬಸ್ಸಿನಿಂದ ಇಳಿಯಬೇಕೆಂಬುದು ಶಿವಯೋಗೆಪ್ಪನ ಬಹುದಿನದ ಆಸೆ. ಆದರೆ ರುಮಾಲಿನ ಮಡಿಕೆಯಲ್ಲಿ ಸಣ್ಣದೊಂದು ತೂತು ಬಿದ್ದಿತ್ತು, ಮನೆಯಲ್ಲಿ ಕೂಸಿಗಾಗಿ ಹೊಸ ಕೌದಿಯ ತಯಾರಿ ನಡೆದಿತ್ತು. ಹೆಂಡತಿಯ ಕಣ್ಣಿಗೆ ಆ ತೂತು ಬಿದ್ದರೆ ರುಮಾಲಿನ ಕಥೆ ಮುಗಿದಂತೆಯೇ.

ಟ್ರಂಕಿನ ಕೀಲಿ ಅವಳ ಸೊಂಟದಲ್ಲಿ. ಅಂಗಡಿಯಲ್ಲಿ ಇಲಿ. ಬಹಳ ಯೋಚಿಸಿ ಅವನೊಂದು ಅಭೇದ್ಯ ದುರ್ಗ ಕಂಡುಹಿಡಿದ: ಅಟ್ಟದ ಮೇಲಿದ್ದ, ತೀರಿಹೋದ ಅವ್ವನ ಹಳೆಯ ಕೌದಿ. ಅತ್ತೆಯ ಕೈಹೊಲಿಗೆಗೆ ಕಾಶಿಬಾಯಿ ಎಂದೂ ಕತ್ತರಿ ಹಾಕುವವಳಲ್ಲ. ಅವಳು ನೀರಿಗೆ ಹೋದಾಗ ಕೌದಿಯ ಅಂಚು ಬಿಚ್ಚಿ, ರುಮಾಲು ತೂರಿಸಿ, ಕಾಳಿನ ಚೀಲ ಹೊಲಿಯುವ ದಬ್ಬಣದಿಂದ ಮತ್ತೆ ಹೊಲಿದುಬಿಟ್ಟ. ಗೋಳಗುಮ್ಮಟದ ಗೋಡೆಯೂ ಇಷ್ಟು ಭದ್ರವಿಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಹೊರಡುವ ದಿನ ಬೆಳಿಗ್ಗೆ ಅಟ್ಟ ಹತ್ತಿದರೆ ಬರೀ ಧೂಳು. ಕೆಳಗಿಳಿದು, ಏನೂ ಆಗದವನಂತೆ ಅವ್ವನ ಕೌದಿ ಎಲ್ಲಿ ಎಂದು ಕೇಳಿದ.

"ಮೊಮ್ಮಗನ ಕೌದ್ಯಾಗ ಐತ್ರಿ," ಎಂದಳು ಕಾಶಿಬಾಯಿ. "ಅದನ್ನ ಒಳಗ ಹಾಸಿ, ಮ್ಯಾಲೂ ಕೆಳಗೂ ಹೊಸಾ ಬಟ್ಟಿ ಕೊಟ್ಟು ಹೊಲದೇನಿ. ಮುತ್ತಜ್ಜಿ ಕೈ ಕೂಸಿನ ಮೈಮ್ಯಾಲ ಇರಲಿ ಅಂತ."

ಹೌದು, ಅವಳು ಕತ್ತರಿ ಹಾಕಿರಲಿಲ್ಲ. ಹೆಂಡತಿಗೆ ಹೆದರಿ ಬಚ್ಚಿಟ್ಟಿದ್ದೆ ಎಂದು ಹೇಳುವುದಕ್ಕಿಂತ ರುಮಾಲಿಲ್ಲದೆ ಹೋಗುವುದೇ ಮೇಲೆನಿಸಿತು. ಕರಿ ಕೋಟು ತೊಟ್ಟು, ತೊಗರಿಬೇಳೆಯ ಧೂಳು ಕೂತ ಅಂಗಡಿಯ ಬಿಳಿ ಟೊಪ್ಪಿಗೆ ಇಟ್ಟುಕೊಂಡು ಹೆಂಡತಿ, ಮಗಳು, ಕೂಸಿನೊಂದಿಗೆ ಹೊರಟ. ಬಸ್ಸಿನಲ್ಲಿ ಕೌದಿಯನ್ನು ತಾನೇ ತೊಡೆಯ ಮೇಲೆ ಇಟ್ಟುಕೊಂಡು, ರುಮಾಲಿನ ಉಬ್ಬು ಹುಡುಕಿ, ತಿಕೋಟಾ ಬರುವವರೆಗೂ ಉಗುರಿನಿಂದ ದಾರ ಕೀಳಲು ನೋಡಿದ. ಉಗುರು ಹರಿಯಿತು, ದಾರ ಹರಿಯಲಿಲ್ಲ. ಕಾಶಿಬಾಯಿ ಅವನ ಕೈಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು.

ಬೀಗರ ಪಡಸಾಲೆಯಲ್ಲಿ ಕೌದಿ ಹಾಸಿದರು. ನಾಲ್ಕಾರು ಹೆಂಗಸರು ಮುಟ್ಟಿ ಮುಟ್ಟಿ ನೋಡುತ್ತಿದ್ದಾಗ ಕಾಶಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾ ಕೌದಿ ಹೊಲದಾಗೆಲ್ಲಾ ನಮ್ಮವರು ನಕ್ಕಾರ್ರಿ," ಎಂದಳು. "ಈಗ ನೋಡ್ರಿ, ಯಾರಿಗೂ ಹೇಳದಽ ತಮ್ಮಪ್ಪನ ರೇಶ್ಮಿ ರುಮಾಲಾನ ಇದರ ಹೊಟ್ಟ್ಯಾಗ ಇಟ್ಟಾರ. ಸಂದ್ಯಾಗ ಜರಿ ಕಾಣತಿತ್ತು. ಚೀಲದ ಹೊಲಿಗಿ ನೋಡಿದ ಕೂಡ್ಲೆ ಇವರದಽ ಕೈ ಅಂತ ಗೊತ್ತಾತು. ನಾ ಬಿಚ್ಚಲಿಲ್ಲ. ಅದರ ಮಡಿಕ್ಯಾಗಽ ಒಂದು ತುಪ್ಪದ ಹೋಳಿಗಿ ತುಣುಕು ತುರುಕಿ, ಎರಡೆರಡು ಸಲ ಹೊಲದು ಗಟ್ಟಿ ಮಾಡೇನಿ."

ಬಸಗೊಂಡಪ್ಪ ಎದ್ದು ಬಂದು ಶಿವಯೋಗೆಪ್ಪನ ಕೈ ಹಿಡಿದುಕೊಂಡ. "ಬೀಗರಽ, ನಾವು ತಲಿಗೆ ಸುತಗೊಂಡು ಮೆರಿಯೋರು. ನೀವು ಮೊಮ್ಮಗಗ ಹೊದಿಸಿದ್ರಿ. ನಿಮ್ಮ ಟೊಪಗಿ ಮುಂದ ನಮ್ಮ ಪಟಗಾ ಏನೂ ಅಲ್ಲ."

ರೇಷ್ಮೆಯೊಳಗೆ ಇಳಿಯುತ್ತಿರುವ ತುಪ್ಪ ಶಿವಯೋಗೆಪ್ಪನ ಕಣ್ಣ ಮುಂದೆ ಬಂತು. ಆದರೂ ಮದುವೆಯಾದಂದಿನಿಂದ ಹೆಂಡತಿ ನಾಲ್ಕು ಜನರೆದುರು ಅವನನ್ನು ಹೊಗಳಿದ್ದು ಅದೇ ಮೊದಲು. ಸುಳ್ಳು ಹೊಗಳಿಕೆಯಾದರೂ ಬಲು ಹಿತವಾಗಿತ್ತು. ದೊಡ್ಡ ಮನಸ್ಸಿನವನಂತೆ ತಲೆ ತಗ್ಗಿಸಿ ನಿಂತ. ಅಷ್ಟರಲ್ಲಿ ಕೌದಿಯ ಮೇಲೆ ಮಲಗಿಸಿದ್ದ ಮೊಮ್ಮಗ, ಸರಿಯಾಗಿ ಆ ಉಬ್ಬಿನ ಮೇಲೆಯೇ, ತನ್ನ ಕಾಣಿಕೆಯನ್ನೂ ಸಲ್ಲಿಸಿದ.

ಮರಳುವ ಬಸ್ಸಿನಲ್ಲಿ ಕಾಶಿಬಾಯಿ ಎಂದಿಗಿಂತ ಹತ್ತಿರ ಸರಿದು ಕುಳಿತಳು. ಕಿಟಕಿಯ ಹೊರಗೆ ಜೋಳದ ಹೊಲಗಳ ಮೇಲೆ ಸಂಜೆಯ ಬಿಸಿಲು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದಳು.

"ಸಣ್ಣ ಮಗಳ ಸಲುವಾಗೂ ಒಂದು ಕೌದಿ ಸುರು ಮಾಡೇನ್ರಿ. ಅದರ ಹೊಟ್ಟಿಗೆ ಏನು ಕೊಡ್ತೀರಿ?"

ಶಿವಯೋಗೆಪ್ಪ ಸೆಕೆಯಿದ್ದರೂ ಕರಿ ಕೋಟಿನ ಗುಂಡಿಗಳನ್ನೆಲ್ಲ ಕೊರಳವರೆಗೆ ಹಾಕಿಕೊಂಡ.